ವಿಭೂತಿ ಹಚ್ಚುವ ಜಾಗ

ಮಾಂಜರಪಾಟು ಬಟ್ಟೆ ಎರಡೂವರೆ ಗಜ, ಹದಿನಾಲ್ಕಾಣೆ. ಮೈಸೂರಿನಿಂದ ತರಿಸಿದ ಎಣ್ಣೆಬಣ್ಣದ ಟ್ಯೂಬುಗಳು ಹನ್ನೊಂದು, ಐದು ರೂಪಾಯಿ ಎರಡಾಣೆ. ಅಗಸೆ ಎಣ್ಣೆ ಒಂದು ಸೀಸೆ, ಆರಾಣೆ. ಬಟ್ಟೆ ಬಿಗಿಯುವ ಹಲಸಿನ ಪಟ್ಟಿಗಳನ್ನು ಬಡಗಿ ಪುಕ್ಕಟೆ ಕೊಟ್ಟಿದ್ದ. ಅಲ್ಲಿಗೆ ನನ್ನ ತಮ್ಮ ಬರೆದ ಚಿತ್ರಕ್ಕೆ ಬಿದ್ದ ಖರ್ಚು ಆರು ರೂಪಾಯಿ ಆರಾಣೆ.

ಅದರ ಮೇಲೆ ನಾನು ಹಾಕಿಸಿದ ಮುಖಕ್ಕೆ ಕೂಲಿ ಆರು ರೂಪಾಯಿ, ಬಸ್ಸಿನಲ್ಲಿ ಹೋಗಿಬರಲು ಒಂದು ರೂಪಾಯಿ, ಡಬ್ಬಿ ಪೇಂಟಿಗೆ ಹನ್ನೆರಡಾಣೆ. ಚಿತ್ರಕ್ಕಿಂತ ಮುಖಕ್ಕೇ ಒಂದು ರೂಪಾಯಿ ಆರಾಣೆ ಜಾಸ್ತಿ ಬಿತ್ತು. ಈ ಲೆಕ್ಕವನ್ನು ಯಾರೂ ನನ್ನ ಹತ್ತಿರ ಕೇಳಿಲ್ಲ. ಆದರೂ ಬಾಯಿಪಾಠವಾಗಿದೆ.

ಸೋಮವಾರಪೇಟೆಯ ಸಂತೆ ಬೀದಿಯಲ್ಲಿ ಸುಣ್ಣ, ಕೆಮ್ಮಣ್ಣು, ನೀಲಿ, ಹಗ್ಗ, ಮೊಳೆ ಮಾರುವ ಅಂಗಡಿ ನಮ್ಮದು. ಯಜಮಾನರು ಲಿಂಗೈಕ್ಯರಾದ ಮೇಲೆ ನಾನೇ ಗಲ್ಲಾದ ಮುಂದೆ ಕೂತೆ. ಹೆಂಗಸು ಕೂತರೆ ಗಿರಾಕಿ ಬರುವುದಿಲ್ಲ ಎಂದರು. ಬಂದರು. ಯಾವ ಸುಣ್ಣ ಗೋಡೆಗೆ ಹಿಡಿಯುತ್ತದೆ, ಯಾವುದು ಮೊದಲ ಮಳೆಗೇ ಇಳಿಯುತ್ತದೆ ಎಂದು ಸುಳ್ಳಿಲ್ಲದೆ ಹೇಳಿದರೆ ಯಾರಾದರೂ ಬರುತ್ತಾರೆ.

ತಮ್ಮ ಕಲ್ಲೇಶಪ್ಪ ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವನು. ಅವ್ವ ತೀರಿಕೊಂಡ ಮೇಲೆ ನಾನೇ ಸಾಕಿದ್ದು. ಹದಿನಾರನೆಯ ವಯಸ್ಸಿಗೆ ಊರಿಗೆ ಬಂದಿದ್ದ ಒಂದು ನಾಟಕ ಕಂಪನಿಯ ಹಿಂದೆ ಹೋದ. ಪಾರ್ಟು ಮಾಡಲು ಅಲ್ಲ, ಪರದೆ ಬರೆಯಲು. ಅಲ್ಲಿ ಹನ್ನೊಂದು ವರ್ಷ ಇದ್ದ. ಪರದೆಯ ಮೇಲಿನ ಅರಮನೆ, ಕಂಬ, ಸಿಂಹಾಸನ ಎಲ್ಲ ಮೇಸ್ತ್ರಿಯ ಪಾಲು. ಆಕಾಶ ಮಾತ್ರ ನಮ್ಮವನ ಪಾಲು. ಹನ್ನೊಂದು ವರ್ಷ ಬರೀ ಆಕಾಶ ಬರೆದ. ಟಾಕಿ ಸಿನಿಮಾ ಬಂದು ಕಂಪನಿ ಮುಚ್ಚಿದಾಗ ಒಂದು ಟ್ರಂಕು, ಹತ್ತಿಪ್ಪತ್ತು ಕುಂಚ ಹಿಡಿದು ಮನೆಗೆ ಬಂದ.

ಹೊಟ್ಟೆಗೆಂದು ಅಂಗಡಿ ಬೋರ್ಡು, ಎಸ್ಟೇಟುಗಳ ಗೇಟಿನ ಹೆಸರು ಬರೆಯುತ್ತಿದ್ದ. ಉಳಿದ ಹೊತ್ತು ನಮ್ಮ ಸುಣ್ಣದ ಕೋಣೆಯಲ್ಲಿ ಬಟ್ಟೆ ಬಿಗಿದು ಏನೇನೋ ಬರೆಯುತ್ತಿದ್ದ. ಒಂದು ದಿನ ಇಣುಕಿ ನೋಡಿದೆ. ಬಟ್ಟೆಯ ತುಂಬ ಕಂದು ಬಣ್ಣ, ಅಡ್ಡಕ್ಕೆ ಎರಡು ಮಾಸಲು ಹಳದಿ ಪಟ್ಟೆ.

"ಏನೋ ಇದು?"

"ಮಳೆ ಬಿಟ್ಟ ಮೇಲೆ ನಮ್ಮ ಸಂತೆ, ಅಕ್ಕ."

"ಜನ ಎಲ್ಲಿ?"

"ಮನೆಗೆ ಹೋದ್ರು."

ನಗು ತಡೆಯಲಿಲ್ಲ. ಅವನೂ ನಕ್ಕ. ಆದರೆ ಆ ಸಂತೆಯನ್ನು ಐಗೂರು ದಾರಿಯ ಕಾಫಿ ತೋಟದ ದೊರೆಸಾನಿ ಹತ್ತು ರೂಪಾಯಿ ಕೊಟ್ಟು ಕೊಂಡಳು. ಗೇಟಿನ ಬೋರ್ಡು ತೆಗೆದುಕೊಂಡು ಹೋಗಲು ಬಂದವಳು ಒಳಗೆ ಕಣ್ಣು ಹಾಯಿಸಿ, ಬೋರ್ಡನ್ನು ಮರೆತು ಅದರ ಮುಂದೆ ನಿಂತುಬಿಟ್ಟಿದ್ದಳು. ಜೊತೆಗೆ ಬಂದಿದ್ದ, ತೋಟದ ಲೆಕ್ಕ ಬರೆಯುವ ರೈಟರು ಅವಳ ಮಾತನ್ನು ನಮಗೆ ತಿಳಿಸಿದ: "ಕ್ರಿಸ್ಮಸ್ಸಿಗೆ ಮುಂಚೆ ಇಂಥದ್ದೇ ದೊಡ್ಡದೊಂದು ಬರೆದು ತಂದುಕೊಡಬೇಕಂತೆ. ಮದ್ರಾಸಿನಲ್ಲಿ ಬಲ್ಲವರಿಗೆ ತೋರಿಸ್ತಾರಂತೆ." ಅವತ್ತು ಕಲ್ಲೇಶಿ ಊಟಕ್ಕೆ ಕೂತವನು ಎರಡು ತುತ್ತು ತಿಂದು ಎದ್ದ. ಅವನ ಮುಖದಲ್ಲಿ ಅಂಥ ಬೆಳಕನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೂ ನೋಡಲಿಲ್ಲ.

ಅದೇ ವರ್ಷ, ಸಾವಿರದ ಒಂಬೈನೂರ ಮೂವತ್ತಾರರಲ್ಲಿ, ಎದುರು ಮನೆಯ ಏಲಕ್ಕಿ ಸಾಹುಕಾರ ಕರಿಬಸಪ್ಪನವರ ವರ್ಷದ ಶಿವಗಣಾರಾಧನೆ ಬಂತು. ಸಾಹುಕಾರರು ಬದುಕಿದ್ದಾಗ ಒಂದು ಫೋಟೋ ತೆಗೆಸಿಕೊಂಡವರಲ್ಲ. ಪೆಟ್ಟಿಗೆಯ ಕಣ್ಣಿಗೆ ಬಿದ್ದರೆ ಆಯುಷ್ಯ ಇಳಿಯುತ್ತದೆ ಎಂದು ನಂಬಿದ್ದರು. ಅವರ ಹೆಂಡತಿ ಸುಮಿತ್ರಮ್ಮ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು, "ರುದ್ರಕ್ಕ, ಇವರನ್ನ ನಿಮ್ಮ ಕಲ್ಲೇಶಪ್ಪನ ಕೈಲಿ ಬರೆಸಿಕೊಡಿ. ಗೋಡೆ ಖಾಲಿ ಕಾಣುತ್ತೆ" ಎಂದಳು.

ನಾನು ಹೂಂ ಅಂದೆ. ಅಂದದ್ದಷ್ಟೇ ಅಲ್ಲ, ನಾಲ್ಕು ತಿಂಗಳು ಬೀದಿ ತುಂಬ ಹೇಳಿಕೊಂಡು ಬಂದೆ. ಸಾಹುಕಾರರನ್ನು ನನ್ನ ತಮ್ಮ ಬರೆಯುತ್ತಿದ್ದಾನೆ, ಬಂದು ನೋಡಿ, ಎದ್ದು ಬಂದ ಹಾಗೆ ಇರುತ್ತದೆ ಎಂದು.

ಕಲ್ಲೇಶಿ ದಿನಾ ಮಧ್ಯಾಹ್ನ ಎದುರು ಮನೆಯ ಜಗಲಿಯಲ್ಲಿ ಕೂತು ಸುಮಿತ್ರಮ್ಮನನ್ನು ಮಾತಾಡಿಸುತ್ತಿದ್ದ. ಒಮ್ಮೆ ನಾನೂ ಜೊತೆಗಿದ್ದೆ. ಮೂಗು ಹೇಗಿತ್ತು, ಹುಬ್ಬು ಹೇಗಿತ್ತು ಎಂದು ಅವನು ಕೇಳಲಿಲ್ಲ.

"ಅವರು ಮನೆಗೆ ಬರ್ತಿದಾರೆ ಅಂತ ನಿಮಗೆ ಹೆಂಗೆ ಗೊತ್ತಾಗ್ತಿತ್ತು?"

ಸುಮಿತ್ರಮ್ಮ ಸೆರಗಿನ ಅಂಚು ಸುತ್ತಿದಳು. "ಹಿತ್ತಲಲ್ಲಿ ಏಲಕ್ಕಿ ಒಣಗಿಸೋ ಗೂಡು ಇದೆಯಲ್ಲ. ಸಂಜೆ ತನಕ ಅಲ್ಲೇ ಇರೋರು. ಹೊರಗೆ ಬರೋಕೆ ಬಾಗಿಲು ತೆಗೆದ್ರೆ ಒಳಗಿನ ಬೆಂಕಿ ಬೆಳಕು ಎಡಗಡೆ ಬೇಲಿ ಮೇಲೆ ಬೀಳೋದು. ಕತ್ತಲಲ್ಲಿ ಆ ಬೇಲಿ ಮಾತ್ರ ಹಸಿರಾಗೋದು. ಅದು ಕಂಡ ಕೂಡ್ಲೇ ನಾನು ಒಲೆ ಮೇಲೆ ರೊಟ್ಟಿ ಹಂಚು ಇಡ್ತಿದ್ದೆ." ಹೇಳಿ ನಾಚಿಕೊಂಡಳು. "ಅಯ್ಯೋ, ಇದೆಲ್ಲ ಚಿತ್ರಕ್ಕೆ ಬೇಡ ಬಿಡಪ್ಪ."

"ಇದೇ ಬೇಕಾಗಿದ್ದು," ಎಂದ ಕಲ್ಲೇಶಿ.

ಈ ಮಾತನ್ನು ಇಬ್ಬರ ನಡುವೆ ಕೂತು ಕೇಳಿದವಳು ನಾನು. ತಿಳಿಯಲಿಲ್ಲ ಎಂದು ಹೇಳುವ ಹಾಗಿಲ್ಲ.

ಚಿತ್ರ ಮುಗಿದ ದಿನ ಕರೆದು ತೋರಿಸಿದ. ನನ್ನ ಎದೆ ಮಟ್ಟದಷ್ಟು ಎತ್ತರ. ಕಪ್ಪೂ ಅಲ್ಲದ ಕಂದೂ ಅಲ್ಲದ ಒಂದು ದೊಡ್ಡ ಕತ್ತಲೆ. ನಡುವೆ ಬೆರಳಗಲ ಕೆಂಪು, ಬಾಗಿಲು ಓರೆ ಮಾಡಿದ ಹಾಗೆ. ಎಡಗಡೆ ಕೆಳಗೆ, ಅಂಚಿನಲ್ಲಿ, ಒಂದು ಹಸಿರು. ಎಲ್ಲೂ ಸಾಹುಕಾರರಿಲ್ಲ.

"ಮುಖ ಎಲ್ಲೋ ಕಲ್ಲೇಶಿ?"

"ಬೆಳಿಗ್ಗೆ ಎದ್ದು ಲಿಂಗನ ಅಂಗೈ ಮೇಲಿಟ್ಕೊಂಡು ಅರ್ಧ ಗಂಟೆ ನೋಡ್ತೀಯಲ್ಲ ಅಕ್ಕ, ಅದಕ್ಕೆ ಮೂಗು ಎಲ್ಲಿದೆ?"

"ಥೂ, ದೇವರಿಗೂ ಸಾಹುಕಾರ್ರಿಗೂ ಹೋಲಿಸ್ತೀಯಾ?"

"ಹೋಲಿಸ್ತಿಲ್ಲ. ಮುಖ ಇಲ್ದಿದ್ರೂ ನೋಡೋಕೆ ನಿಂಗೆ ಬರುತ್ತೆ ಅಂತ ಹೇಳ್ದೆ."

ಆರಾಧನೆ ಮುಗಿದ ಮೇಲೆ ಅದನ್ನು ಒಂದು ತಿಂಗಳ ಮಟ್ಟಿಗೆ ಸುಮಿತ್ರಮ್ಮನಿಂದ ಕೇಳಿ ಪಡೆದು ದೊರೆಸಾನಿಗೆ ಕೊಡುವುದು, ಅವಳು ಮದ್ರಾಸಿಗೆ ಒಯ್ಯುವುದು ಎಂದು ಅವನ ಲೆಕ್ಕಾಚಾರ. ಆರಾಧನೆಗೆ ಐದು ದಿನ ಇತ್ತು. ಚಿತ್ರಕ್ಕೆ ಹಾಕಲು ಹೊಂಬಣ್ಣದ ಕಟ್ಟು ತರುತ್ತೇನೆಂದು ಮೈಸೂರಿಗೆ ಹೋದ.

ಅವನು ಹೋದ ಮಧ್ಯಾಹ್ನವೇ ಸುಲೋಚನಮ್ಮ ಬಂದರು. ಸಾಹುಕಾರರ ಅಕ್ಕ, ಪಕ್ಕದ ಬೀದಿಯವರು. ಅವರ ಬಾಯಿಗೆ ಊರೇ ಹೆದರುತ್ತಿತ್ತು. "ಎಲ್ಲೇ ರುದ್ರಿ ನನ್ನ ತಮ್ಮ? ಎದ್ದು ಬಂದವ್ನಂತೆ, ತೋರಿಸು" ಎನ್ನುತ್ತಾ ಸುಣ್ಣದ ಕೋಣೆಗೆ ನುಗ್ಗಿದರು. ನಾನು ಬಟ್ಟೆ ಸರಿಸಿದೆ. ಅವರು ಹತ್ತಿರ ಹೋದರು, ದೂರ ನಿಂತರು, ಹಿಂದೆ ಏನಾದರೂ ಇದೆಯೇನೋ ಎಂದು ತಿರುಗಿಸಿ ನೋಡಿದರು.

"ಇದೇನೇ? ಏಲಕ್ಕಿ ಗೂಡಿಗೆ ಬೆಂಕಿ ಬಿದ್ದಂಗಿದೆ."

"ಕಲ್ಲೇಶಿ ಹೇಳೋದು..."

"ಅವನು ಹೇಳೋದು ಇರ್ಲಿ. ಅವತ್ತು ಅಯ್ನೋರು ಬರ್ತಾರೆ. ಐವತ್ತು ಮನೆಯೋರು ಬರ್ತಾರೆ. ಪಟದ ಹಣೆಗೆ ವಿಭೂತಿ ಹಚ್ಚಬೇಕು. ಎಲ್ಲಿ ಹಚ್ತಾರೆ ಹೇಳು? ಹಾರ ಯಾರ ಕೊರಳಿಗೆ ಹಾಕ್ತಾರೆ, ಬೆಂಕಿಗಾ?"

ಅದಕ್ಕೆ ಉತ್ತರ ನನ್ನ ಕೊರಳಲ್ಲೇ ಇತ್ತು. ದಿನಾ ಬೆಳಿಗ್ಗೆ ಹಣೆಯಿಲ್ಲದ ಕಲ್ಲಿಗೆ ವಿಭೂತಿ ಇಡುವವಳು ನಾನು. ಆದರೆ ಸುಲೋಚನಮ್ಮನ ಮುಂದೆ ಅದು ನೆನಪಿಗೆ ಬರಲಿಲ್ಲ.

"ಸುಮಿತ್ರಂಗೆ ತೋರಿಸಬೇಡ," ಎಂದರು ಹೊರಡುತ್ತಾ. "ಎದೆ ಒಡ್ಕೊಳ್ತಾಳೆ. ನಿನ್ನ ತಮ್ಮನ್ನ ಮಾತ್ರ ಊರು ಇನ್ನು ಹತ್ತು ವರ್ಷ ಆಡ್ಕೊಳುತ್ತೆ, ಹೇಳಿರ್ತೀನಿ."

ನಾನು ಕೂತು ಯೋಚಿಸಿದೆ. ನನ್ನದು ವ್ಯಾಪಾರದ ಬುದ್ಧಿ. ಮದ್ರಾಸು ದೂರ, ಸುಲೋಚನಮ್ಮ ಪಕ್ಕದ ಬೀದಿ. ದೊರೆಸಾನಿ ಇವತ್ತು ಇದ್ದಾಳೆ, ನಾಳೆ ಹಡಗು ಹತ್ತುತ್ತಾಳೆ. ಕಲ್ಲೇಶಿ ಈ ಊರಲ್ಲೇ ಬದುಕಬೇಕು, ಇಲ್ಲೇ ಅವನಿಗೆ ಹೆಣ್ಣು ಸಿಗಬೇಕು. ಅವನು ಒಳ್ಳೆಯದನ್ನೇ ಬರೆದಿದ್ದಾನೆ, ಒಂದು ಮುಖ ಮರೆತಿದ್ದಾನೆ ಅಷ್ಟೇ. ಅಡುಗೆಗೆ ಉಪ್ಪು ಮರೆತರೆ ಮನೆಯವರು ಹಾಕುವುದಿಲ್ಲವೇ? ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಇಪ್ಪತ್ತು ಹೆಜ್ಜೆ ದಾಟಿ ಸುಮಿತ್ರಮ್ಮನನ್ನು ಕರೆದುತಂದು ತೋರಿಸಬಹುದಿತ್ತು. ಅದನ್ನು ಮಾಡಲಿಲ್ಲ.

ಮಾರನೆಯ ದಿನ ಬಸ್ಸು ಹತ್ತಿ ಕುಶಾಲನಗರಕ್ಕೆ ಹೋದೆ. ಸರ್ಕಾರದ ಬಾಯಲ್ಲಿ ಆಗ ಅದು ಫ್ರೇಜರ್‌ಪೇಟೆ. ಅಲ್ಲಿ ಜವರ ಎಂಬುವನು ಬಸ್ಸಿನ ಮೈಗೆ ಹೆಸರು, ಹೂ, ದೇವರು ಬರೆಯುತ್ತಿದ್ದ. ಅವನಿಗೆ ಬರುತ್ತಿದ್ದದ್ದು ಒಂದೇ ಮುಖ. ಅದಕ್ಕೆ ಜಟೆ ಇಟ್ಟರೆ ಶಿವ, ಕಿರೀಟ ಇಟ್ಟರೆ ರಾಮ, ಟೋಪಿ ಇಟ್ಟರೆ ಬಸ್ಸಿನ ಮಾಲೀಕ. ಇದು ನನಗೆ ಗೊತ್ತಿತ್ತು. ಆದರೂ ಕರೆತಂದೆ.

ಜವರ ಚಿತ್ರದ ಮುಂದೆ ನಿಂತು ತಲೆ ಕೆರೆದುಕೊಂಡ.

"ಅಮ್ಮಾವ್ರೆ, ಇದು ಚೆಂದಾಗೈತೆ. ಇದ್ರ ಮ್ಯಾಲೆ ಬರೀಬೇಕಾ?"

"ಬರಿ. ಬಿಳಿ ರುಮಾಲು, ಅಗಲ ಹಣೆ, ದಪ್ಪ ಮೀಸೆ."

"ಬರ್ದೋರು ಬೈಯಾಕಿಲ್ವಾ?"

"ನನ್ನ ತಮ್ಮ ಕಣೋ ಅವನು. ನೀನು ಹಣೆ ಮಾತ್ರ ಅಗಲವಾಗಿ ಬರಿ."

ಬಸ್ಸಿಗೆ ಹೊಡೆಯುವ ಪೇಂಟಿನಲ್ಲಿ ಬರೆದ. ಎಣ್ಣೆಬಣ್ಣದ ಹಾಗೆ ಅದು ದಿನಗಟ್ಟಲೆ ಕಾಯಿಸುವುದಿಲ್ಲ, ಬೆಳಗಾಗುವಷ್ಟರಲ್ಲಿ ಒಣಗುತ್ತದೆ. ಮಧ್ಯಾಹ್ನದಿಂದ ಸಂಜೆಯೊಳಗೆ ಆ ಕೆಂಪು ಬಾಗಿಲಿನ ಮೇಲೆ ಒಬ್ಬ ಗಂಡಸು ಬಂದು ಕೂತ. ಹಣೆ ಅಗಲವಾಗಿತ್ತು. ಹೋಗುವಾಗ ಜವರ ಕೂಲಿ ಎಣಿಸಿಕೊಂಡು, "ಅಂಚಿನ್ ಹಸ್ರು ಹಂಗೇ ಬುಟ್ಟಿವ್ನಿ. ಅದ್ನ ಮುಚ್ಚಾಕೆ ಮನ್ಸು ಬರ್ಲಿಲ್ಲ" ಎಂದ. ಬಸ್ಸಿಗೆ ಬಣ್ಣ ಹೊಡೆಯುವವನಿಗೆ ಇದ್ದ ನಾಚಿಕೆ ನನಗೆ ಇರಲಿಲ್ಲ.

ಕಲ್ಲೇಶಿ ಮೂರನೆಯ ದಿನ ಕಟ್ಟು ಹೊತ್ತು ಬಂದ. ನಾನು ಅಂಗಡಿಯಲ್ಲೇ ಕೂತಿದ್ದೆ. ಒಳಗೆ ಹೋದ ಸದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಕೂಗಾಡುತ್ತಾನೆ ಎಂದು ಕಾದೆ. ಗಿರಾಕಿಯೊಬ್ಬ ಮೊಳೆ ಕೇಳಿದ. ತೂಗುವಾಗ ಅರ್ಧ ಸೇರು ಹೆಚ್ಚಿಗೆ ಹಾಕಿದೆ. ಕೊನೆಗೆ ತಡೆಯಲಾರದೆ ಒಳಗೆ ಹೋದರೆ, ಕಲ್ಲೇಶಿ ಸಣ್ಣ ಕುಂಚ ಹಿಡಿದು ಮುಖದ ಹತ್ತಿರ ಬಗ್ಗಿ ನಿಂತಿದ್ದ.

"ಕಿವಿ ಒಂದು ಮೇಲಾಗಿದೆ ಅಕ್ಕ," ಎಂದ ನನ್ನ ಕಡೆ ತಿರುಗದೆ. "ಹಂಗೇ ಇಟ್ರೆ ಜನ ನಗ್ತಾರೆ."

ಕಿವಿಯನ್ನು ಸರಿಮಾಡಿ, ಕಟ್ಟು ಹಾಕಿ, ಎದುರು ಮನೆಗೆ ತಾನೇ ಹೊತ್ತುಕೊಟ್ಟು ಬಂದ. ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆರಾಧನೆಯ ದಿನ ಅಯ್ಯನವರು ಅಗಲ ಹಣೆಗೆ ಮೂರೆಳೆ ವಿಭೂತಿ ಎಳೆದರು. ಹಾರ ಬಿತ್ತು. "ಸಾಹುಕಾರ್ರು ಎದ್ದು ಬಂದಂಗವ್ರೆ" ಎಂದು ಐವತ್ತು ಮನೆಯವರೂ ಹೇಳಿದರು. ನಾಲ್ಕು ತಿಂಗಳು ನಾನೇ ಅವರ ಬಾಯಿಗೆ ಹಾಕಿದ್ದ ಮಾತು. ಸುಲೋಚನಮ್ಮ ಕಣ್ಣೊರೆಸಿಕೊಂಡರು. ಸುಮಿತ್ರಮ್ಮ ಪಟವನ್ನು ಬಹಳ ಹೊತ್ತು ನೋಡಿದಳು, ಏನೂ ಹೇಳಲಿಲ್ಲ. ದುಃಖ ಉಕ್ಕಿ ಮಾತು ಬರುತ್ತಿಲ್ಲ ಎಂದುಕೊಂಡೆ. ಎಲ್ಲ ನನ್ನ ತಮ್ಮನೇ ಬರೆದದ್ದು ಎಂದು ಎಲ್ಲರಿಗೂ ಹೇಳಿದೆ.

ಅಲ್ಲಿಂದ ಶುರುವಾಯಿತು. ಶನಿವಾರಸಂತೆಯಿಂದ, ಕೊಡ್ಲಿಪೇಟೆಯಿಂದ ಜನ ತಮ್ಮ ತಮ್ಮ ಸತ್ತವರನ್ನು ಬರೆಸಲು ಬಂದರು. ಕಲ್ಲೇಶಿ ಇಲ್ಲ ಎನ್ನಲಿಲ್ಲ. ಜವರನಿಗಿಂತ ಚೆನ್ನಾಗಿ ಬರೆದ. ದೊರೆಸಾನಿ ಕ್ರಿಸ್ಮಸ್ಸಿಗೆ ಮುಂಚೆ ಒಮ್ಮೆ ರೈಟರನ್ನು ಕಳಿಸಿದಳು. "ಮುಗಿದಿಲ್ಲ ಅಂತ ಹೇಳಿ" ಎಂದ ಕಲ್ಲೇಶಿ. ಆಮೇಲೆ ಯಾರೂ ಬರಲಿಲ್ಲ. ಅವನು ನನ್ನ ಜೊತೆ ಚೆನ್ನಾಗಿಯೇ ಇದ್ದ. ಉಂಡ, ನಕ್ಕ, ಮದುವೆಯಾದ. ಆದರೆ "ಅಕ್ಕ, ಬಾ ನೋಡು" ಎಂದು ಕರೆಯುತ್ತಿದ್ದವನು ಮತ್ತೆ ಒಂದು ದಿನವೂ ಕರೆಯಲಿಲ್ಲ.

ಒಂಬತ್ತು ವರ್ಷ ಕಳೆಯಿತು. ಯುದ್ಧದ ಕಡೆಯ ವರ್ಷ, ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಏದುತ್ತಾ ಓಡುತ್ತಿದ್ದ ಕಾಲ. ಸಾಹುಕಾರರ ಪಟದ ಮುಖ ಉದುರುತ್ತಿದೆ ಎಂದು ಅವರ ಮನೆ ಕೆಲಸದ ಕೆಂಚಿ ನನ್ನ ಕಿವಿಗೆ ಹಾಕಿದಳು. ಎಣ್ಣೆಬಣ್ಣದ ಮೇಲೆ ಬಸ್ಸಿನ ಪೇಂಟು ನಿಲ್ಲುವುದಿಲ್ಲ ಎಂದು ಬಣ್ಣ ಮಾರುವ ನನಗೆ ತಿಳಿದಿರಬೇಕಿತ್ತು. ಎದ್ದು ಎದುರು ಮನೆಗೆ ಹೋದೆ.

ಮೂಗು ಪೂರ್ತಿ ಹೋಗಿತ್ತು. ಒಂದು ಕೆನ್ನೆ ಸಿಪ್ಪೆಯೆದ್ದು ಒಳಗಿನ ಕೆಂಪು ಕಾಣುತ್ತಿತ್ತು.

"ಸುಮಿತ್ರಾ, ಒಂದು ದಿನಕ್ಕೆ ಕೊಡು. ಕಲ್ಲೇಶಿ ಹತ್ರ ಸರಿ ಮಾಡಿಸಿಕೊಡ್ತೀನಿ."

"ಬೀಳ್ಲಿ ಬಿಡಿ ರುದ್ರಕ್ಕ," ಎಂದಳು, ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತದೆ. "ಅವರ್ಯಾರೋ ನಂಗೆ ಗೊತ್ತಿಲ್ಲ."

"ಏನಂದೆ?"

"ನಮ್ಮನೆಯವರಲ್ಲ ಅದು. ಮೊದಲ ದಿನಾನೇ ಗೊತ್ತಾಯ್ತು. ಯಾರೋ ಬಂದು ಕೂತವ್ರೆ, ಪಾಪ, ಒಂಬತ್ತು ವರ್ಷದಿಂದ. ಎದ್ದು ಹೋಗಿ ಅನ್ನೋಕಾಗುತ್ತಾ?" ತಾನೇ ಸಣ್ಣಗೆ ನಕ್ಕಳು. ಆಮೇಲೆ ಎದ್ದು ಬಂದು ಪಟದ ಎಡಗಡೆ ಕೆಳಗೆ ಬೆರಳಿಟ್ಟು ತೋರಿಸಿದಳು. "ನಮ್ಮನೆಯವರು ಇಲ್ಲಿದಾರೆ."

ಹತ್ತಿರ ಹೋಗಿ ನೋಡಿದೆ. ಅಗಲ ಹಣೆಯ ಮೇಲೆ ವಿಭೂತಿಯ ಗುರುತೇ ಇರಲಿಲ್ಲ. ಅಂಚಿನ ಹಸಿರಿನ ಮೇಲೆ ಮೂರು ಬೆರಳ ಗೆರೆಗಳು, ದಿನಾ ಹಚ್ಚಿ ಹಚ್ಚಿ ದಪ್ಪಗಟ್ಟಿದ್ದವು.

"ನಿಮ್ಮ ಕಲ್ಲೇಶಪ್ಪ ಮೊದಲು ಸರಿಯಾಗೇ ಬರೆದಿದ್ದ," ಎಂದಳು ಸುಮಿತ್ರಮ್ಮ. "ಆಮೇಲೆ ಜನಕ್ಕೆ ಹೆದರಿ ಇದನ್ನ ತಂದು ಕೂರಿಸ್ದ ಅನ್ಸುತ್ತೆ. ಅವನ ಮೇಲೆ ನಂಗೆ ಅದೊಂದೇ ಬೇಜಾರು."

ನನ್ನ ತಪ್ಪನ್ನು ಒಂಬತ್ತು ವರ್ಷ ಅವನ ಹೆಸರಲ್ಲಿ ಇಟ್ಟಿದ್ದಳು. ನಾನು ಸುಮ್ಮನೆ ಬಂದುಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಕಾಲು ಹೊಸ್ತಿಲವರೆಗೆ ಬಂದೂ ಇತ್ತು.

"ಅವನಲ್ಲ ಸುಮಿತ್ರಾ. ನಾನು. ಅವನು ಊರಲ್ಲಿ ಇಲ್ದಾಗ ಬಸ್ಸಿಗೆ ಬಣ್ಣ ಹೊಡೆಯೋನನ್ನ ಕರೆಸಿ ಬರೆಸಿದೆ. ವಿಭೂತಿ ಹಚ್ಚೋಕೆ ಜಾಗ ಇಲ್ಲ ಅಂತ."

ಅವಳು ಪಟದ ಕಡೆಯಿಂದ ತಿರುಗಿದಳು. ನನ್ನ ಮುಖವನ್ನೇ ನೋಡಿದಳು. ಕಣ್ಣು ತಗ್ಗಿಸಿ ನಿಂತೆ. ನನ್ನ ವಯಸ್ಸು ಆಗ ಐವತ್ತು ದಾಟಿತ್ತು.

"ನನ್ನ ಒಂದು ಮಾತು ಕೇಳಬಹುದಿತ್ತು ರುದ್ರಕ್ಕ," ಎಂದಳು. ಮತ್ತೆ ಅವಳೇ, "ಕೂತ್ಕೊಳಿ, ಕಾಫಿ ಕುಡ್ಕೊಂಡು ಹೋಗಿ" ಎಂದಳು.

ಮನೆಗೆ ಬಂದಾಗ ಕಲ್ಲೇಶಿ ಯುದ್ಧದಲ್ಲಿ ಸತ್ತ ಯಾರದೋ ಮಗನ ಮೀಸೆ ತಿದ್ದುತ್ತಿದ್ದ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಕುಂಚ ನಿಂತಿತು.

"ಎಡಗಡೆನಾ?"

"ಹೂಂ. ಕೆಳಗೆ."

"ಹಸಿರು ಹಂಗೇ ಇದೆಯಾ?"

"ಇದೆ. ಒಂಚೂರೂ ಮಾಸಿಲ್ಲ."

"ಟ್ಯೂಬು ಮುಗಿದು ಹೋಗಿತ್ತು. ಸೀಳಿ, ಉಗುರಲ್ಲಿ ಕೆರೆದು ಹಚ್ಚಿದ್ದೆ," ಎಂದ. ತುಟಿಯ ಹತ್ತಿರ ಏನೋ ಬಂದು ಹೋಯಿತು, ನಗುವೋ ಏನೋ.

"ಮತ್ತೆ ಬರಿಯೋ ಕಲ್ಲೇಶಿ. ಅಂಥದ್ದೇ. ಬಟ್ಟೆ, ಬಣ್ಣ ಎಲ್ಲ ನಾನು ತರಿಸ್ತೀನಿ. ಯಾರು ಏನಂದ್ರೂ ಅನ್ಲಿ."

ಅವನು ಕುಂಚವನ್ನು ಬಟ್ಟೆಗೆ ಒರೆಸಿದ. "ಒಂದೆರಡು ಸಲ ನೋಡ್ದೆ ಅಕ್ಕ. ಆಗಲ್ಲ. ಈಗ ಖಾಲಿ ಬಟ್ಟೆ ಮುಂದೆ ನಿಂತ್ರೆ ಮೊದಲು ಎರಡು ಕಣ್ಣೇ ಬರ್ತವೆ." ಹೇಳಿ, ಸತ್ತ ಹುಡುಗನ ಮೀಸೆಗೆ ತಿರುಗಿದ.

ನಾನು ಹಾಕಿಸಿದ ಆ ಮುಖದಿಂದ ನಮ್ಮ ಮನೆಗೆ ಹೆಂಚಿನ ಮಾಡು ಬಂತು, ತಮ್ಮನಿಗೆ ಒಳ್ಳೆಯ ಮನೆಯ ಹೆಣ್ಣು ಬಂದಳು, ಮೂರು ಹೋಬಳಿಯಲ್ಲಿ ಹೆಸರು ಬಂತು. ಹೋದದ್ದು ಅವನು ಬರೆಯಬೇಕಾಗಿದ್ದ ಚಿತ್ರಗಳು. ಎಷ್ಟಿದ್ದವೋ, ನನಗೆ ಗೊತ್ತಿಲ್ಲ.